ಕನ್ನಡಿ ಒಂದು

ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ
ಎಂದು ಹೋದ ಕೂಡಲೆ ಹೇಳುವುದಿಲ್ಲ ನಾನು.
ಸ್ಕೂಟರನ್ನು ಅಂಗಳದಲ್ಲೇ ನಿಲ್ಲಿಸಿ
ಮೂರು ಮೆಟ್ಟಿಲು ಕೂತುಕೂತೇ ಹತ್ತುತ್ತೇನೆ,
ಮುಂದೆ ದಿಂಬು, ಹಿಂದೆ ನಾನು.
ಮನೆಯವರು ನೋಡಲಿ ಅಂತಲೇ ಹತ್ತುವುದು,
ಪಂಚಾಯ್ತಿಯಿಂದ ಬಂದವನ ಕಾಲೂ
ತಮ್ಮ ಮಗಳ ಕಾಲಿನ ಹಾಗೇ ಎಂದು.
ಆಮೇಲೆ ಬೆಲ್ಲ, ನೀರು. ಆಮೇಲೆ ಮಾತು.

ಹುಂಚದ ರಸ್ತೆ ಬಿಟ್ಟು ಒಳಗೆ ಎರಡು ಮೈಲಿ.
ಸುಗಂಧಿ, ವಯಸ್ಸು ಇಪ್ಪತ್ತಮೂರು.
ಶಾಲೆಯ ಹೊಸ ಸ್ಲ್ಯಾಬಿಗೆ ಜಲ್ಲಿ ಹೊರುವಾಗ
ಸೆಂಟ್ರಿಂಗಿನ ಹಲಗೆಯೊಂದು ಅವಳನ್ನು ನಂಬಿಸಿ ಸರಿಯಿತು.
ಮೆಗ್ಗಾನ್ ಆಸ್ಪತ್ರೆಯಲ್ಲಿ ನಲವತ್ತು ದಿನ,
ಕೊನೆಗೊಂದು ಚೀಟಿ: ಮನೆಯಲ್ಲಿ ಆರೈಕೆ ಮಾಡುವುದು.
ಆರೈಕೆ ಅಂದರೆ ಏನು ಅಂತ ಬರೆಯಲು
ಚೀಟಿಯಲ್ಲಿ ಜಾಗ ಇರಲಿಲ್ಲ.

ನಾನು ಲೈನ್‌ಮ್ಯಾನ್ ಆಗಿದ್ದವನು.
ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಇಂಗ್ಲಿಷಲ್ಲಿ ಹೇಳಿದ್ದನ್ನ
ನಾನೇ ನನ್ನ ಭಾಷೆಗೆ ಇಳಿಸಿಕೊಂಡೆ:
ಹನ್ನೆರಡನೇ ಕಂಬದ ಹತ್ತಿರ ವೈರು ಹರಿದಿದೆ.
ಅಲ್ಲಿಂದಾಚೆ ಊರುಗಳೆಲ್ಲ ಇದ್ದ ಹಾಗೇ ಇವೆ,
ತೊಡೆ, ಮಂಡಿ, ಹಿಮ್ಮಡಿ, ಹತ್ತು ಬೆರಳು.
ಮನೆಯಿದೆ, ಬಲ್ಬಿದೆ, ಸ್ವಿಚ್ಚೂ ಇದೆ.
ದೂರು ಕೊಡಲು ನಂಬರಿಲ್ಲ.

ಇದನ್ನು ಹೇಳಿದರೆ ಎಲ್ಲರೂ ಸ್ವಲ್ಪ ನಗುತ್ತಾರೆ.
ಅವಳು ಗೋಡೆಯ ಕಡೆಗಿದ್ದ ಮುಖ ತಿರುಗಿಸಲಿಲ್ಲ.

ಚೀಲದಲ್ಲಿ ಏನೇನಿತ್ತು ಎಂದರೆ
ಮೂವತ್ತು ಕೇಳಿದ್ದಕ್ಕೆ ಬಂದ ಆರು ಕ್ಯಾಥೆಟರು,
ಹಿಮ್ಮಡಿಗೆ ಎರಡು ಪುಟ್ಟ ದಿಂಬು, ಕಾರ್ಡಿನ ಅರ್ಜಿ.
ಗಾಳಿಹಾಸಿಗೆ ನನ್ನ ಕೈಯಲ್ಲಿರುವುದು ಒಂದೇ,
ಅದು ಬಟ್ಟೆಮಲ್ಲಪ್ಪದ ಮೇಸ್ತ್ರಿ ಡೊಮಿನಿಕನ ಕೆಳಗಿದೆ.
ಅವನು ಎದ್ದರೆ ಇವಳಿಗೆ. ಅವನು ಏಳುವುದಿಲ್ಲ.
ಹಾಗಾದರೆ ಯಾವಾಗ, ಎಂಬ ಲೆಕ್ಕ
ರಾತ್ರಿ ನಾನು ಹಾಕುವುದಿಲ್ಲ ಎಂದರೆ ಸುಳ್ಳು.

ಕೊನೆಗೆ ಕನ್ನಡಿ.
ಕ್ಷೌರದಂಗಡಿಯವನು ಗಿರಾಕಿಗೆ ಹಿಂದಲೆ ತೋರಿಸುವಂಥದ್ದು,
ಪ್ಲಾಸ್ಟಿಕ್ ಹಿಡಿ, ಎಂಬತ್ತು ರೂಪಾಯಿ, ನನ್ನ ಜೇಬಿನದು.
ತನ್ನ ಬೆನ್ನು ತನಗೆ ಕಾಣದು ಅಂತಾರಲ್ಲ,
ಆ ಮಾತು ನಡೆಯುವವರಿಗಾಯಿತು.
ನಾವು ನೋಡಿಕೊಳ್ಳಲೇಬೇಕು, ತಂಗೀ,
ಬೆಳಿಗ್ಗೆ ಒಮ್ಮೆ, ದೀಪ ಆರಿಸುವ ಮುಂಚೆ ಒಮ್ಮೆ.
ರೂಪಾಯಿ ಅಗಲ ಕೆಂಪಾಗಿದ್ದರೆ
ಆ ಮಗ್ಗುಲಿಗೆ ಆವತ್ತು ಮಲಗುವ ಹಾಗಿಲ್ಲ.
ನನಗೆ ಯಾರೂ ಹೇಳಿರಲಿಲ್ಲ. ಗೊತ್ತಾದದ್ದು ವಾಸನೆಯಿಂದ.
ಮುಷ್ಟಿ ಹಿಡಿಸುವ ಹೊಂಡ, ಏಳು ತಿಂಗಳು ಬೋರಲು.
ಬಿದ್ದದ್ದು ನಮ್ಮನ್ನು ಕೊಲ್ಲುವುದಿಲ್ಲ,
ಮಲಗಿದ್ದು ಕೊಲ್ಲುತ್ತೆ.

ತಾಯಿ ಸೆರಗು ಬಾಯಿಗೊತ್ತಿ ಒಳಗೆ ಹೋದರು.
ಹೆಚ್ಚಾಯಿತೇನೋ ಅನ್ನಿಸಿತು.

ಅವಳು ಕನ್ನಡಿ ತಗೊಂಡಳು.
ಬೆನ್ನಿಗೆ ಹಿಡಿಯಲಿಲ್ಲ, ತಲೆಯ ಮೇಲಕ್ಕೆತ್ತಿದಳು.
ಗಾಳಿ ಬರಲಿ ಅಂತ ಮಂಚ ಹಾಕಿದವರು
ಕಿಟಕಿಯನ್ನು ಅವಳ ನೆತ್ತಿಯ ಹಿಂದೆ ಬಿಟ್ಟಿದ್ದರು.
ಮೂರು ವಾರದಿಂದ ಬರೀ ಸದ್ದಾಗಿದ್ದ ಅಂಗಳ
ಅಂಗೈಯಗಲ ಗಾಜಿಗೆ ಇಳಿಯಿತು:
ಹಗ್ಗದ ಮೇಲೆ ಅವಳದೇ ದುಪ್ಪಟಿ, ಒಂದು ಕೋಳಿ,
ನನ್ನ ನಾಲ್ಕು ಚಕ್ರದ ಸ್ಕೂಟರು,
ಅದರ ಮೇಲೆ ಅವಳ ಬೆನ್ನಿಗೆ ಬಿದ್ದ ತಂಗಿ,
ಬಾಯಲ್ಲೇ ಗಾಡಿ ಓಡಿಸುತ್ತ ಘಾಟಿ ಇಳಿಯುತ್ತಿದ್ದಾಳೆ.

"ಏ, ಇಳಿಯೇ ಕೆಳಗೆ! ಅದು ಅವ್ರ ಕಾಲು!"

ನಾನು ಕೇಳಿದ ಅವಳ ಮೊದಲ ಮಾತು ಅದು.
ಒಳಗೆ ಪಾತ್ರೆಯ ಸದ್ದು ನಿಂತಿತು.
ಸ್ವಲ್ಪ ಹೊತ್ತು ಬಿಟ್ಟು, ಕನ್ನಡಿಗೇ ಹೇಳುವ ಹಾಗೆ,
"ಆ ಎರಡು ಚಕ್ರ ಎಲ್ಲಿ ಹಾಕಿಸಿದ್ರಿ?"
ಶಿವಮೊಗ್ಗ, ಆಟೋ ಕಾಂಪ್ಲೆಕ್ಸ್,
ವೆಲ್ಡಿಂಗಿನ ಇಮ್ತಿಯಾಜ್, ಅಂದೆ.
ದುಡ್ಡೆಷ್ಟು ಅಂತ ಅವಳು ಕೇಳಲಿಲ್ಲ.
ನಾನಾಗಿ ಹೇಳಲಿಲ್ಲ.

ರಿಜಿಸ್ಟರಿನಲ್ಲಿ 'ಭೇಟಿಯ ಫಲ' ಎರಡು ಬೆರಳಗಲದ ಕಾಲಂ.
ಬರೆದೆ: ಹುಣ್ಣು ಇಲ್ಲ. ಕನ್ನಡಿ ಒಂದು.

ಪುಟ್ಟಿ ಗಾಡಿಯ ಕನ್ನಡಿ ತಿರುಚಿಟ್ಟಿದ್ದಳು.
ಸರಿ ಮಾಡಲು ಹೋಗಲಿಲ್ಲ.
ರಿಪ್ಪನ್‌ಪೇಟೆಯವರೆಗೂ ಅದರಲ್ಲಿ
ಹಿಂದಿನ ರಸ್ತೆ ಕಾಣಲಿಲ್ಲ,
ಹೊಂಡ ಬಂದಾಗೆಲ್ಲ ಹೌದು ಹೌದೆಂದು ಕುಣಿಯುವ
ನನ್ನ ಮಂಡಿ ಎರಡು.